ವಿಷ ಬರುವ ಮೊದಲೇ ಬಾವಿ ಮುಚ್ಚಿಸಿದ ಸೊಸೆ

ಆಗಷ್ಟೇ ಬೆಳಕು ಹರಿಯುತ್ತಿದೆ. ಎಂದೋ ಬಾಗಿಲು ಮುಚ್ಚಿದ ಡ್ರೈಕ್ಲೀನಿಂಗ್ ಅಂಗಡಿಯ ಹಿಂದೆ ಆಕೆ ಮಂಡಿಯೂರಿ ಕೂತಿದ್ದಾರೆ. ನೆಲಕ್ಕಿಳಿದ ಸಣ್ಣ ಕೊಳವೆಯಿಂದ ಪಂಪು ನೀರೆತ್ತುತ್ತಿದೆ, ಆಕೆ ಅದನ್ನು ಸುಮ್ಮನೆ ಡ್ರಮ್ಮಿಗೆ ಬಿಡುತ್ತಿದ್ದಾರೆ. ಪರೀಕ್ಷೆಯ ಬಾಟಲಿ ಇನ್ನೂ ಖಾಲಿ. ತಡೆಯಲಾರದೆ ಕಾರಣ ಕೇಳುತ್ತೇನೆ. "ಇದು ಕೊಳವೇಲೇ ನಿಂತಿದ್ದ ನೀರು ರೀ. ಇದನ್ನ ಕೇಳಿದ್ರೆ ಹಳೇ ಸುದ್ದಿ ಹೇಳುತ್ತೆ. ಹೊಸದು ಬರ್ಲಿ, ತಾಳಿ."

ಸಹೋದ್ಯೋಗಿಗಳು ಇವರಿಗಿಟ್ಟ ಹೆಸರು ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಅಂಗಡಿಯಿಂದ ಸೋರಿದ ಕಲೆ ತೆಗೆಯುವ ರಾಸಾಯನಿಕ ಅಂತರ್ಜಲಕ್ಕೆ ಸೇರಿದೆ. ಅದು ಯಾವ ಕಡೆಗೆ, ಎಷ್ಟು ಬೇಗ ಸಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಇವರ ಕೆಲಸ. "ಮರಳಲ್ಲಿ ಸಲೀಸಾಗಿ ಹೋಗುತ್ತೆ. ಜೇಡಿ ಸಿಕ್ರೆ ಅಂಟ್ಕೊಳ್ಳುತ್ತೆ, ಬಿಡುತ್ತೆ, ಮತ್ತೆ ಅಂಟ್ಕೊಳ್ಳುತ್ತೆ. ಸಂತೆಗೆ ಹೊರಟೋರು ದಾರೀಲಿ ಸಿಕ್ಕೋರ ಹತ್ರೆಲ್ಲ ಮಾತಿಗೆ ನಿಲ್ತಾರಲ್ಲ, ಹಾಗೆ."

ಇವರ ಮೊದಲ ಲೆಕ್ಕ ವಿಷ ಕಾಲುವೆಯತ್ತ ಹೋಗುತ್ತದೆ ಎಂದಿತ್ತು. ಸದ್ಯ ಬದುಕಿದೆವು ಎಂದರು ಎಲ್ಲರೂ. ಇವರಿಗೆ ಮಾತ್ರ ಕಾಲುವೆ ಬದಿಯ ಒಂದು ಕೊಳವೆಯ ನೀರಿನ ಮಟ್ಟದ ಅಂಕಿ ಕಣ್ಣಿಗೆ ಚುಚ್ಚುತ್ತಿತ್ತು. ಹೋಗಿ ನೋಡಿದರೆ, ರಸ್ತೆ ಎತ್ತರಿಸಿದವರು ಕೊಳವೆಯ ಬಾಯನ್ನೂ ಗೇಣುದ್ದ ಏರಿಸಿದ್ದರು. ನೀರು ಎಷ್ಟು ಕೆಳಗಿದೆ ಎಂದು ಅಳೆಯುವುದು ಆ ಬಾಯಿಂದಲೇ; ಇವರು ಅದರ ಹಳೆಯ ಎತ್ತರವನ್ನೇ ಹಿಡಿದಿದ್ದರು. ನೆಲದಡಿಯ ನೀರಿನ ಇಳಿಜಾರು ತೀರಾ ಕಡಿಮೆ, ಗೇಣು ತಪ್ಪಿದರೂ ಹರಿವಿನ ದಿಕ್ಕೇ ಬೇರೆಯಾಗಿ ಕಾಣುತ್ತದೆ. ಆ ಗೇಣು ಸರಿಪಡಿಸಿದ್ದೇ ತಡ, ಲೆಕ್ಕ ತಿರುಗಿ ಇವರದೇ ಬೀದಿಯ ಬಾವಿಯನ್ನು ತೋರಿಸಿತು.

"ತಪ್ಪು ನಂದೇ ಅಂತ ಬೀದಿಯೋರ ಸಭೇಲಿ ಹೇಳ್ದೆ. ಬಾವಿ ಈಗ್ಲೇ ಮುಚ್ಚಿ ಅಂತಾನೂ ಹೇಳ್ದೆ." ಬಾವಿಯ ನೀರು ಆಗಿನ್ನೂ ಶುದ್ಧವಾಗಿತ್ತು; ಆದರೂ ಬಾವಿಗೆ ಬೀಗ ಬಿತ್ತು. ಬೀದಿಯವರು ಉರಿದುಬಿದ್ದರು. ಮದುವೆಯಾಗಿ ಬಂದಂದಿನಿಂದ ಅದೇ ನೀರು ಕುಡಿದ ಅತ್ತೆ ಸೊಸೆಯೊಡನೆ ಮಾತು ಬಿಟ್ಟರು. ಅದನ್ನು ನೆನೆದರೆ ಇವರ ಕಣ್ಣು ಈಗಲೂ ತುಂಬುತ್ತದೆ. "ಆದ್ರೆ ಎರಡನೇ ಲೆಕ್ಕದ ಮೇಲೆ ನಂಗೆ ಅನುಮಾನ ಬರ್ಲಿಲ್ಲ. ಬಂದಿದ್ರೆ ನಾನೇ ಬೀಗ ತೆಗೀತಿದ್ದೆ."

ಅಂಗಡಿಗೂ ಬಾವಿಗೂ ನಡುವೆ ಕಾವಲಿಗೆಂದು ಕೊರೆಸಿದ ಕೊಳವೆಯಲ್ಲಿ ಮೊನ್ನೆ ವಿಷ ಕಾಣಿಸಿಕೊಂಡಿದೆ. ಯಾರ ಹೊಟ್ಟೆಗೂ ಅದು ಸೇರಿಲ್ಲ. ಈಗ ಆ ನೀರನ್ನು ಅಲ್ಲೇ ಎತ್ತಿ ಶುಚಿಗೊಳಿಸುವ ಕೆಲಸ ಶುರುವಾಗಿದೆ.

ಮನೆಯಲ್ಲಿ ನನಗೆ ಚಹಾ ಕೊಡುವವರು ಅತ್ತೆಯೇ. ಬಾವಿ ಮತ್ತೆ ಯಾವಾಗ ತೆರೆಯುತ್ತದೆ ಎಂದು ಕೇಳುತ್ತೇನೆ. "ನನ್ನ ಕಾಲಕ್ಕಾಗಲ್ವಂತೆ," ಎನ್ನುತ್ತಾರೆ, ಸೊಸೆಯತ್ತ ಗದ್ದ ಎತ್ತಿ ತೋರಿಸುತ್ತ. "ಇವಳು ಹೇಳಿದ್ಮೇಲೆ ಮುಗೀತು. ಇವಳ ಲೆಕ್ಕ ತಪ್ಪಲ್ಲ."

ಅತ್ತೆ ಒಳಗೆ ಹೋಗುತ್ತಾರೆ. ಆಮೇಲೆ ಸೊಸೆ ಮೆಲ್ಲಗೆ ಹೇಳುತ್ತಾರೆ: "ಇದೊಂದು ತಪ್ಪಲಿ ಅಂತ ಆಸೆ ರೀ."