‘ಮತ್ತು ಇತರರು’ ಅಂದರೆ ಈ ಡ್ರಮ್ಮಮ್ಮ

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆಗಲೇ ಹಬೆ ತುಂಬಿಕೊಂಡಿದೆ. ಒದ್ದೆ ಹೊದಿಕೆಗಳನ್ನು ಯಂತ್ರದಿಂದ ಎಳೆದು, ಕೊಡವಿ, ತಳ್ಳುಗಾಡಿಗೆ ಹಾಕುತ್ತಿರುವ ಹೆಂಗಸಿಗೆ ಐವತ್ತು ದಾಟಿದೆ. ಇಲ್ಲಿ ಎಲ್ಲರ ಬಾಯಲ್ಲೂ ಆಕೆ ‘ಡ್ರಮ್ಮಮ್ಮ’. ನಿನ್ನೆ ಸಂಜೆ ಆಕೆಯ ಜಾಜ್ ತಂಡದ ಚೊಚ್ಚಲ ಆಲ್ಬಂ ಬಿಡುಗಡೆಯಾಗಿದೆ. ಇವತ್ತು ಬೆಳಿಗ್ಗೆ ಎಂದಿನಂತೆ ಪಾಳಿ.

ಈ ಯಂತ್ರಗಳೇ ಲಯ ಕಲಿಸಿದವೇ ಎಂದು ಯಾರಾದರೂ ಕೇಳಿದರೆ ಆಕೆಗೆ ನಗು ತಡೆಯಲಾಗುವುದಿಲ್ಲ. “ಅಯ್ಯೋ, ಎಲ್ಲಿಯ ಲಯ! ಈ ಗಡಗಡ ಕೇಳಿ ತಲೆ ಚಿಟ್ಟು ಹಿಡಿಯುತ್ತೆ. ಮನೆಗೆ ಹೋಗಿ ಬಾರಿಸಿದ್ರೇನೇ ಸರಿ ಹೋಗೋದು.”

ಆಕೆಯ ಅಪ್ಪ ವಾದ್ಯ ರಿಪೇರಿ ಮಾಡುತ್ತಿದ್ದವರು. ಯಾರೋ ಅಂಗಡಿಯಲ್ಲಿ ಬಿಟ್ಟು ಮರೆತುಹೋದ ಡ್ರಮ್ ಸೆಟ್ಟು ಮಗಳ ಪಾಲಿಗೆ ಬಂತು. ಕೆಳಗಿನ ಮನೆಯವರು ಸದ್ದು ತಾಳದೆ ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರಂತೆ. “ತಾಳಕ್ಕೆ ಸರಿಯಾಗಾದ್ರೂ ಕುಟ್ಟಬಾರದಾ ಅನ್ನಿಸೋದು.” ಆಮೇಲೆ ಹೋಟೆಲ್ಲು, ಕ್ಲಬ್ಬುಗಳಲ್ಲಿ ಹಾಡುವವರ ಬೆನ್ನ ಹಿಂದೆ ವರ್ಷಗಟ್ಟಲೆ ನುಡಿಸಿದ್ದಾಯಿತು. ರೆಕಾರ್ಡುಗಳಿಗೂ ಬಾರಿಸಿದ್ದಾರೆ. ಅವುಗಳ ಕವರಿನ ಮೇಲೆ ಗಾಯಕರ ಹೆಸರು, ಪಿಯಾನೊದವರ ಹೆಸರು, ಕೊನೆಗೆ ‘ಮತ್ತು ಇತರರು’. “ಆ ಇತರರು ನಾನೇ,” ಎನ್ನುತ್ತಾರೆ, ದೂರಿನ ದನಿಯಿಲ್ಲದೆ.

ಈಗಿನ ತಂಡ ಆಕೆಯೇ ಕಟ್ಟಿದ್ದು. ಸ್ಯಾಕ್ಸೊಫೋನ್ ಊದುವವರು ಕ್ಷೌರಿಕರು, ಬೇಸ್ ಮೀಟುವವರು ಶಾಲಾ ಬಸ್ಸಿನ ಚಾಲಕರು. ಪಿಯಾನೊ ಭಾವನದು, ಎಂದರೆ ಅಕ್ಕನ ಗಂಡನದು. ಆಲ್ಬಂ ಪೂರ್ತಿ ಅವರ ಮನೆಯ ನಡುಕೋಣೆಯಲ್ಲೇ ಧ್ವನಿಮುದ್ರಣವಾಯಿತು. ಅದು ಮುಗಿದ ಕೆಲವೇ ದಿನಕ್ಕೆ ಭಾವನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ಬಲಗೈ ಮರಳಲಿಲ್ಲ.

ಬಿಡುಗಡೆಯ ಸಂಗೀತ ಕಛೇರಿಗೆ ಬೇರೆ ಪಿಯಾನೊದವರನ್ನು ಕರೆಸೋಣ ಎಂದರು ಕ್ಷೌರಿಕರು. ಡ್ರಮ್ಮಮ್ಮ ಒಪ್ಪಲಿಲ್ಲ. ಅಕ್ಕ ಸಿಟ್ಟಾದಳು: “ನಾಲ್ಕು ಜನರ ಮುಂದೆ ಕೂರಿಸಿ ಅವರ ಮರ್ಯಾದೆ ತೆಗೀಬೇಡ ಕಣೇ.” ಕುರ್ಚಿಯಲ್ಲಿದ್ದ ಭಾವ ಮೆಲ್ಲಗೆ ಅಂದರು: “ಎಡಗೈಗೇನೂ ಆಗಿಲ್ವಲ್ಲ.” ಬಲಗೈಯ ರಾಗವನ್ನು ಸ್ಯಾಕ್ಸೊಫೋನಿಗೆ ಒಪ್ಪಿಸಿ, ಎಲ್ಲ ಹಾಡುಗಳನ್ನೂ ಹೊಸದಾಗಿ ಹೊಂದಿಸಿಕೊಂಡರು.

ನಿನ್ನೆ ಸಭಾಂಗಣ ತುಂಬಿತ್ತು. ಬಟ್ಟೆ ಒಗೆಯುವ ಕೋಣೆಯವರೆಲ್ಲ ಒಂದೇ ಸಾಲು ಹಿಡಿದಿದ್ದರು. ಮೊದಲೆರಡು ಹಾಡು ಸರಾಗವಾಗಿ ಸಾಗಿದವು. ಮೂರನೆಯದು ನಿಧಾನಗತಿಯದು. ಅದರ ನಡುವೆ ಭಾವನ ಎಡಗೈ ಗಕ್ಕನೆ ನಿಂತಿತು. ಮುಂದೇನೆಂದು ನೆನಪಾಗುತ್ತಿಲ್ಲ. ಕೈ ಪಿಯಾನೊ ಕೀಗಳ ಮೇಲೆ ಹಾಗೇ ತೂಗಾಡುತ್ತಿದೆ.

ಖಾಲಿ ಜಾಗ ತುಂಬಲು ಕ್ಷೌರಿಕರು ಸ್ಯಾಕ್ಸೊಫೋನ್ ಎತ್ತಿದರು. ಡ್ರಮ್ಮಮ್ಮ ಬೇಡವೆಂದು ತಲೆಯಾಡಿಸಿದರು. ಕೋಲುಗಳ ಬದಲು ಹಿಡಿದಿದ್ದ ತಂತಿ ಬ್ರಷ್ಷುಗಳನ್ನು ಡ್ರಮ್ಮಿನ ಚರ್ಮದ ಮೇಲೆ ಸವರುತ್ತ ಅದೇ ತಾಳದ ನಡೆಯನ್ನು ಮತ್ತೆ ಮತ್ತೆ ಸುತ್ತಿಸಿದರು. ಜೊತೆಗೆ ಬೇಸ್ ಒಂದೇ. ಸಭೆಯಲ್ಲಿ ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡ್ರಮ್ಮಮ್ಮ ಭಾವನತ್ತ ತಿರುಗಿಯೂ ನೋಡಲಿಲ್ಲ. “ನೋಡಿದ್ರೆ ಅವಸರ ಮಾಡ್ದ ಹಾಗೆ ಆಗ್ತಿತ್ತು,” ಎನ್ನುತ್ತಾರೆ ಈಗ, ಹೊದಿಕೆ ಮಡಿಸುತ್ತ.

ಎಷ್ಟೋ ಸುತ್ತಿನ ನಂತರ ಪಿಯಾನೊದ ತಗ್ಗು ಸ್ಥಾಯಿಯಲ್ಲೊಂದು ಸ್ವರ ಕೇಳಿಸಿತು. ಅದರ ಪಕ್ಕಕ್ಕೆ ಇನ್ನೊಂದು. ಭಾವ ದಾರಿ ಹಿಡಿದಿದ್ದರು. ಆಗಷ್ಟೇ ಸ್ಯಾಕ್ಸೊಫೋನ್ ಸೇರಿತು. ನಡುವಿನ ಆ ಕಾಯುವಿಕೆಯೂ ಹಾಡಿನದೇ ಭಾಗವೆಂದು ನಂಬಿದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಛೇರಿ ಮುಗಿದ ಮೇಲೆ ಅಕ್ಕ ಪರದೆಯ ಹಿಂದೆ ಬಂದು ತಂಗಿಯ ರಟ್ಟೆ ಹಿಡಿದಳು. “ನನ್ನ ಜೀವ ಬಾಯಿಗೆ ಬಂದಿತ್ತು. ಅಷ್ಟು ಹೊತ್ತು ಏನೂ ಮಾಡ್ದೆ ಸುಮ್ನೆ ಕೂತಿದ್ಯಲ್ಲೇ!”

ಡ್ರಮ್ಮಮ್ಮ ಬ್ರಷ್ಷುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

“ಸುಮ್ನೆಲ್ಲಿ ಕೂತಿದ್ದೆ ಅಕ್ಕ? ಬಾರಿಸ್ತಾನೇ ಇದ್ನಲ್ಲ, ಭಾವ ಬರೋವರೆಗೂ.”