ಯಾರೂ ಅಂಟಿಸದ ಕೆಂಪು ಬಿಂದಿ

ಕಳೆದ ವಾರ ಪಂಚಾಯಿತಿ ಹಾಲ್‌ನಲ್ಲಿ ನನ್ನ ಕೈಗೆ ಒಂದು ಪ್ಯಾಕೆಟ್ ಕೆಂಪು ಬಿಂದಿ ಕೊಟ್ಟರು. ಹಣೆಗಿಡುವ ಸ್ಟಿಕ್ಕರ್ ಬಿಂದಿ. ಪಕ್ಕದಲ್ಲಿ ಕೂತಿದ್ದ ಪೊನ್ನಪ್ಪಣ್ಣನಿಗೂ ಕೊಟ್ಟರು. ನಮ್ಮ ತೋಟದ ಎದುರು ಗುಡ್ಡದಲ್ಲೇ ಅವರ ತೋಟ. ಎಪ್ಪತ್ತು ದಾಟಿದ, ಮೀಸೆ ತಿರುವುವ ಆ ಮನುಷ್ಯ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಆಮೇಲೆ ನನ್ನ ಮುಖ ನೋಡಿದರು. ನನಗೂ ಗೊತ್ತಿಲ್ಲ ಎಂದು ತಲೆ ಆಡಿಸಿದೆ.

ಕೊಟ್ಟವರು ಯಾವುದೋ ಸಂಸ್ಥೆಯಿಂದ ಬಂದ ಇಬ್ಬರು. ಹವಾಮಾನ ಬದಲಾಗಿದೆ, ಮಳೆ ಸುರಿಯುವ ರೀತಿಯೇ ಬದಲಾಗಿದೆ, ಹಾಗಾಗಿ ಊರಿನವರೇ ಕೂತು ಊರಿಗೊಂದು ಪ್ಲಾನ್ ಮಾಡಬೇಕು ಎಂದರು. ನೆಲದ ಮೇಲೆ ದೊಡ್ಡ ಚಾರ್ಟ್ ಹಾಸಿ ಹೊಳೆ, ರಸ್ತೆ, ತೋಟ, ಮನೆ ಎಲ್ಲವನ್ನೂ ನಮ್ಮಿಂದಲೇ ಬರೆಸಿದರು. ಎಲ್ಲಿ ಗುಡ್ಡ ಜಾರಬಹುದೋ, ಎಲ್ಲಿ ನೆಲ ಬಿರುಕು ಬಿಟ್ಟಿದೆಯೋ ಅಲ್ಲೊಂದು ಬಿಂದಿ ಅಂಟಿಸಿ. ಅಷ್ಟೇ ಕೆಲಸ.

ಅಷ್ಟೇನಾ?

ನಿಮಗೆ ಗೊತ್ತಲ್ಲ, ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಹಾಲಿನವನು ತುಸು ಹೆಚ್ಚು ನಕ್ಕರೆ ಇವತ್ತು ನೀರು ಹೆಚ್ಚು ಎಂದುಕೊಳ್ಳುವವಳು. ಈ ಚಾರ್ಟ್ ಇಲ್ಲಿಂದ ಯಾರ ಟೇಬಲ್ಲಿಗೆ ಹೋಗುತ್ತದೆ? ಬಿಂದಿ ಬಿದ್ದ ಜಾಗದಲ್ಲಿ ನಾಳೆ ಒಂದು ಗೋಡೆ ಕಟ್ಟಲಾದರೂ ಪರ್ಮಿಷನ್ ಸಿಗುತ್ತದಾ? ಸಾಲದ್ದಕ್ಕೆ ಟೀ ಜೊತೆ ಎರಡೆರಡು ಬನ್ ಬೇರೆ. (ಪುಕ್ಕಟೆ ಬನ್ ಕೊಡುವವರನ್ನು ನಾನು ನಂಬುವುದಿಲ್ಲ. ತಿಂದೆ, ಅದು ಬೇರೆ ಮಾತು.)

ನಮ್ಮವರೂ ಬರಿಗೈಯಲ್ಲಿ ಬಂದಿರಲಿಲ್ಲ. ಮಳೆಯ ಮೀಟಿಂಗ್ ಎಂದು ಕೇಳಿ ಮಳೆಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಬಂದಿದ್ದರು. ಕೊಡಗಿನಲ್ಲಿ ತೋಟ ಇದ್ದವರ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ಅಳೆದು, ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟು, ಆಮೇಲೆಯೇ ಕಾಫಿ. ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಿದ್ದ ಮರುದಿನ ಫೋನ್ ಎತ್ತಿದರೆ ಹಲೋ ಕೂಡ ಇಲ್ಲ, ನಿಮ್ಮಲ್ಲಿ ಎಷ್ಟು ಸೆಂಟ್ ಎಂಬುದೇ ಮೊದಲ ಮಾತು. ಪಕ್ಕದ ತೋಟಕ್ಕೆ ನಮಗಿಂತ ಜಾಸ್ತಿ ಬಿದ್ದರೆ ಅವರ ಡಬ್ಬಿಯ ಮೇಲೇ ಸಂಶಯ. ಅಜ್ಜನ ಕಾಲದ ಮಳೆಯೂ ನಮ್ಮ ಹತ್ತಿರ ಸೆಂಟ್ ಸಮೇತ ಇದೆ. ಆ ಮಳೆ ಮಣ್ಣಿನೊಳಗೆ ಇಳಿದು ಏನು ಮಾಡಿತು ಎಂಬುದು ಮಾತ್ರ ಒಬ್ಬರ ಪುಸ್ತಕದಲ್ಲೂ ಇಲ್ಲ.

ಸಂಸ್ಥೆಯ ಮೇಡಂ ಎಲ್ಲರ ಪುಸ್ತಕವನ್ನೂ ತಾಳ್ಮೆಯಿಂದ ನೋಡಿದರು. ಮಳೆ ಗೊತ್ತಾಯಿತು, ಬಿರುಕು ಎಲ್ಲಿದೆ ಎಂದು ಕೇಳಿದರು. ಎಲ್ಲರೂ ಪುಸ್ತಕ ಮುಚ್ಚಿದರು.

"ನಮ್ಮಲ್ಲಿ ಎಂತದೂ ಇಲ್ಲೆ," ಎಂದರು ಮೂಲೆಯಲ್ಲಿದ್ದ ಹಿರಿಯ ಗೌಡರೊಬ್ಬರು. ಒಬ್ಬರು ಶುರು ಮಾಡಿದ್ದೇ ತಡ, ಯಾರಲ್ಲೂ ಎಂತದೂ ಇಲ್ಲ.

ನಾನು ಬಿಂದಿ ಎಲ್ಲಿಗೆ ಅಂಟಿಸಬೇಕೆಂದು ಆಗಲೇ ತೀರ್ಮಾನಿಸಿದ್ದೆ. ಪೊನ್ನಪ್ಪಣ್ಣನ ಗುಡ್ಡಕ್ಕೆ. ಕೆಲವು ವರ್ಷಗಳ ಹಿಂದೆ ಇದೇ ಪೊನ್ನಪ್ಪಣ್ಣ, ಗುಡ್ಡ ಜಾರುತ್ತದೆ, ಜೀವಕ್ಕೆ ಅಪಾಯ ಎಂದು ಹೇಳಿ ತೋಟದ ಕೆಲಸಗಾರರನ್ನೆಲ್ಲ ಅವರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಗಳಿಂದ ಖಾಲಿ ಮಾಡಿಸಿದ್ದರು. ಮರುವರ್ಷ ಅದೇ ಜಾಗಕ್ಕೆ ಜೆಸಿಬಿ ಬಂತು. ಗಾಜಿನ ಗೋಡೆಯ ಹೋಂಸ್ಟೇ ಎದ್ದು ನಿಂತಿತು. ಅಪಾಯ ಎಲ್ಲಿಗೆ ಹೋಯಿತೋ ದೇವರೇ ಬಲ್ಲ.

ಬೆರಳ ತುದಿಗೆ ಬಿಂದಿ ಅಂಟಿಸಿಕೊಂಡು ಚಾರ್ಟಿನ ಮೇಲೆ ಬಗ್ಗಿದೆ. ಪೊನ್ನಪ್ಪಣ್ಣನೂ ಬಗ್ಗಿದರು. ಅವರ ಬೆರಳಲ್ಲೂ ಬಿಂದಿ. ಅದು ಸೀದಾ ನಮ್ಮ ತೋಟದ ಮೇಲೆ ಬಂದು ನಿಂತಿತ್ತು.

"ನಿಮ್ಮ ಲೈನ್ ಹಿಂದಿನ ಗುಡ್ಡ ಸರಿ ಉಂಟಲ್ಲ?" ಎಂದರು ಮೆಲ್ಲಗೆ.

"ಸರಿ ಉಂಟು. ನಿಮ್ಮದು?"

"ನಮ್ದೂ ಸರಿ ಉಂಟು."

ಇಬ್ಬರೂ ವಾಪಸ್ ಕೂತೆವು. ಬಿಂದಿಯನ್ನು ಮೊಬೈಲ್ ಹಿಂಬದಿಗೆ ಅಂಟಿಸಿಕೊಂಡೆ. ಒಂದೂ ಕೆಂಪು ಚುಕ್ಕೆಯಿಲ್ಲದ ಚಾರ್ಟನ್ನು ಸುರುಳಿ ಸುತ್ತಿ, ಜೀಪಿಗೆ ಹಾಕಿಕೊಂಡು ಸಂಸ್ಥೆಯವರು ಹೊರಟರು.

ನಾನು ಹೇಳಿದ್ದು ಸುಳ್ಳು. ಲೈನ್ ಹಿಂದೆ ನೆಲ ಬಿರುಕು ಬಿಟ್ಟಿರುವುದು ಹೋದ ಮಳೆಗಾಲದಿಂದಲೇ ನನಗೆ ಗೊತ್ತು. ಯಾರಿಗಾದರೂ ತೋರಿಸಬೇಕು, ಕಾಫಿ ಕುಯ್ಲು ಮುಗಿಯಲಿ, ಮೆಣಸು ಮುಗಿಯಲಿ ಎಂದು ಮುಂದೂಡುತ್ತಲೇ ಬಂದಿದ್ದೆ.

ಸಂಜೆ ಲೈನ್ ಕಡೆ ಹೋದೆ. ಸರಸು ಆಗಷ್ಟೇ ಮೆಣಸು ಕುಯ್ದು ಬಂದು ಕಾಲು ತೊಳೆಯುತ್ತಿದ್ದಳು. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಕೆಲಸ. ಊರಿನ ಮೀಟಿಂಗಿಗೆ ಅವಳನ್ನು ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

"ಮ್ಯಾಪಲ್ಲಿ ನಮ್ಮ ಲೈನ್ ಬಂತಾ ಅಮ್ಮ?" ಎಂದು ಕೇಳಿದಳು.

ಬಂದಿರಲಿಲ್ಲ. ಚಾರ್ಟಿನಲ್ಲಿ ನಾನೇ ನನ್ನ ಕೈಯಾರೆ ನಮ್ಮ ಮನೆ ಬರೆದಿದ್ದೆ, ಕಾಫಿ ಒಣಗಿಸುವ ಕಣ ಬರೆದಿದ್ದೆ, ನಾಯಿಗೂಡನ್ನೂ ಬರೆದಿದ್ದೆ. ಆರು ಸಂಸಾರ ಇರುವ ಲೈನ್ ಬರೆಯಲು ಮರೆತಿದ್ದೆ. ಮರೆತಿದ್ದೆನೋ, ಬೇಕೆಂದೇ ಬಿಟ್ಟಿದ್ದೆನೋ, ಈಗ ನನ್ನ ಮೇಲೇ ನನಗೆ ಅನುಮಾನ. ಇಲ್ಲ ಎಂದೆ. ನಾಚಿಕೆಯಾಯಿತು.

ಅವಳು ಹೆಚ್ಚು ಕೇಳಲಿಲ್ಲ. ಲೈನ್ ಹಿಂದಕ್ಕೆ ಕರೆದುಕೊಂಡು ಹೋದಳು. ಬಿರುಕಿನ ಆಚೆಗೊಂದು ಈಚೆಗೊಂದು ಗೂಟ, ನಡುವೆ ಹಗ್ಗ. ಹೋದ ಮಳೆಗಾಲದಲ್ಲಿ ಅವಳೇ ಹೊಡೆದಿದ್ದು. ಕಟ್ಟುವಾಗ ಹಗ್ಗ ಜೋಲು ಬೀಳುವಷ್ಟು ಸಡಿಲ ಇತ್ತಂತೆ. ನಾನು ಬೆರಳಿನಿಂದ ಮೀಟಿ ನೋಡಿದೆ. ಬಿಗಿದು ನಿಂತಿತ್ತು. ಬಿರುಕು ಅಷ್ಟು ಅಗಲವಾಗಿತ್ತು.

ಅಲ್ಲೇ ಹೇಳಿಬಿಟ್ಟೆ. ಮಳೆ ಹಿಡಿಯುವ ಮೊದಲೇ ಎಲ್ಲರೂ ಕಣದ ಪಕ್ಕ ಕಾಫಿ ಮೂಟೆ ಇಡುವ ಸ್ಟೋರಿಗೆ ಬನ್ನಿ. ಅಡ್ಡಗೋಡೆ ಹಾಕಿಸುತ್ತೇನೆ, ಟಾಯ್ಲೆಟ್ ಕಟ್ಟಿಸುತ್ತೇನೆ. ಮಳೆ ಕಳೆದ ಮೇಲೆ ಸಮತಟ್ಟು ಜಾಗ ನೋಡಿ ಹೊಸ ಲೈನ್. (ನಿಜ ಹೇಳಬೇಕೆಂದರೆ, ಸರಸುವಿನ ಕಣ್ಣು ತುಂಬಬಹುದು ಎಂದು ಕಾದೆ.)

ಅವಳು ಹಗ್ಗ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಎದುರು ಗುಡ್ಡದ ಗಾಜಿನ ಹೋಂಸ್ಟೇ ಕಡೆ ಸ್ವಲ್ಪ ಹೊತ್ತು ನೋಡಿದಳು.

"ಬರ್ತೇವೆ ಅಮ್ಮ," ಎಂದಳು. "ಇಲ್ಲಿಗೆ ಜೆಸಿಬಿ ಯಾವಾಗ ಬರ್ತದೆ?"