ಮುತ್ಯಾನ ಸಮಾಧಿ ಯಾಕೆ ಸರಿಸಿದೆವು

ಹೊಲದ ಬಾವಿಗೆ ಯಾಕೆ ಜಾಳಿಗೆ ಹಾಕಿ ಮುಚ್ಚಿದ್ದಾರೆ, ಮುತ್ಯಾನ ಸಮಾಧಿ ಯಾಕೆ ಬದುವಿಗೆ ಹೋಯಿತು ಎಂದು ಮೊಮ್ಮಕ್ಕಳು ನೀವು ಕೇಳುತ್ತೀರಿ. ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಬರೆದಿಡುತ್ತೇನೆ.

ನಿಮ್ಮ ಮೈಮೇಲೆ ಎದ್ದ ಗುಳ್ಳೆ ಹೋಗದಿದ್ದಾಗ ಉಮರ್ಗಾದ ಡಾಕ್ಟರು ಬಾವಿಯ ನೀರು ಪರೀಕ್ಷೆ ಮಾಡಿಸಿ ಎಂದರು. ಬೆಳೆಗೆ ಹೊಡೆಯುವ ವಿಷ ಅದರಲ್ಲಿತ್ತು. ಎಲ್ಲಿಂದ ಬಂತೆಂದು ಹುಡುಕಲು ಸರಕಾರದ ಇಬ್ಬರು ಬಂದರು. ಹಿಂದೆ ವಿಮಾನದಿಂದ ತೆಗೆದ ಎರಡು ಫೋಟೋ ತಂದಿದ್ದರು. ಒಂದರಲ್ಲಿ ಬಾವಿಯ ಮಗ್ಗುಲಿಗೆ ಗರಸು ಮಣ್ಣು ತೆಗೆದ ದೊಡ್ಡ ಕುಣಿ. ಕೆಲವು ವರ್ಷದ ನಂತರದ್ದರಲ್ಲಿ ಆ ಕುಣಿ ಇಲ್ಲ. ಅದರೊಳಗೆ ಏನು ತುಂಬಿದಿರಿ ಎಂದು ಕೇಳಿದರು. ಮಣ್ಣು ಎಂದರು ನನ್ನ ಮೈದುನ, ನಿಮ್ಮ ಸಣ್ಣ ಮುತ್ಯಾ. ಬಾವಿಯಿಂದ, ರಸ್ತೆಯ ತಿರುವಿನಿಂದ ಟೇಪು ಹಿಡಿದು ಅವರು ಅಳೆಯುತ್ತ ಬಂದರು. ಅಳತೆ ಮುತ್ಯಾನ ಸಮಾಧಿಯ ಮೇಲೆ ಬಂದು ನಿಂತಿತು.

ನಮ್ಮ ಹೊಲದಲ್ಲಿ ಮೊಣಕಾಲುದ್ದ ಅಗೆದರೆ ಕಲ್ಲು. ನನ್ನ ಗಂಡನನ್ನು, ಅಂದರೆ ನಿಮ್ಮ ಮುತ್ಯಾನನ್ನು, ಮಣ್ಣು ಮಾಡಿದ ದಿನ ಅಲ್ಲಿ ಮಾತ್ರ ಸಲಿಕೆ ಸಲೀಸಾಗಿ ಇಳಿದಿತ್ತು. "ಪುಣ್ಯವಂತ ಇದ್ದ, ಭೂಮಿ ತಾನೇ ಜಾಗ ಬಿಟ್ಟದ" ಎಂದಿದ್ದರು ಹಿರಿಯರು. ಮೇಲೆ ಬಂದ ಮಣ್ಣಿನ ವಾಸನೆ ನನಗೆ ಗುರುತಿತ್ತು. ಮದುವೆಯಾದ ವರ್ಷ ಅವರು ಬೆಳೆಗೆ ಹೊಡೆಯುವ ಔಷಧದ ಗೋದಾಮಿನಲ್ಲಿ ಹಮಾಲರಾಗಿದ್ದಾಗ ಅಂಗಿಗೆ ಅದೇ ವಾಸನೆ ಇರುತ್ತಿತ್ತು. ಅಷ್ಟು ಗಂಡಸರ ನಡುವೆ ನಾನು ಬಾಯಿ ತೆರೆಯಲಿಲ್ಲ. ಆಮೇಲೆ ಆರು ವರ್ಷ ಅದೇ ಬಾವಿಯ ನೀರು ನಿಮಗೆ ಕುಡಿಸಿದೆ.

ಹೊಲದ ಪಹಣಿಯಲ್ಲಿ, ಇಲ್ಲಿಯವರು ಸಾತ್‌ಬಾರಾ ಅನ್ನುವುದರಲ್ಲಿ, ನನ್ನ ಹೆಸರಿತ್ತು. ಆದ್ದರಿಂದ ಅಧಿಕಾರಿ ನನ್ನನ್ನು ಮಾವಶಿ ಎಂದು ಕರೆದು, ಅಗೆಯಬಹುದೇ ಎಂದು ಮರಾಠಿಯಲ್ಲಿ ಕೇಳಿದರು.

"ವೈನಿ, ನೀವು ಹೂಂ ಅಂದ್ರ ನಾ ಈ ಮನಿ ಹೊಸ್ತಿಲ ತುಳಿಯಂಗಿಲ್ಲ" ಎಂದರು ಮೈದುನ.

ನಾನು ನೆಲ ನೋಡುತ್ತಲೇ ಹೇಳಿದೆ. "ಒಳಗ ಗೋದಾಮಿನ ಕೆಟ್ಟ ಪುಡಿ ಅದ ರೀ. ನಮ್ಮ ಮನಿಯವರೇ ಹೊತ್ತು ತಂದು ಹಾಕ್ಯಾರ. ತೆಗೀರಿ."

ಜಂಗಮರು ಮೊದಲು ಎಲುಬು ಎತ್ತಿ ಹೊಸ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಬಟ್ಟೆಗೂ ವಾಸನೆ ಹತ್ತಿತು. ಅದರ ಕೆಳಗೆ ಕೊಳೆತ ಚೀಲ, ಗಟ್ಟಿಯಾದ ಬಿಳಿ ಹೆಂಟೆ. ಎಂಟು ದಿನ ಲಾರಿ ತುಂಬಿ ಒಯ್ದರು. ನೀರು ಯಾವಾಗ ಕುಡಿಯುವಂತಾಗುತ್ತದೆಂದು ಅವರೂ ಹೇಳಲಿಲ್ಲ.

ಸಣ್ಣ ಮುತ್ಯಾ ಇಂದಿಗೂ ನಮ್ಮ ಮನೆಗೆ ಬರುವುದಿಲ್ಲ. ಮುರುಮ ಊರಿನ ಬಜಾರಿನಲ್ಲಿ ಸಿಕ್ಕರೆ ಅವರ ಕಾಲಿಗೆ ಬೀಳಿರಿ. ಅವರಿಗೆ ಆ ವಾಸನೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.